ಅವಧಿಗೆ ಮುನ್ನ ಜನಿಸಿದ ಶಿಶು: ತಾಯಿಯ ಹಾಲು, ತಾಯಿಯ ಮನಸ್ಸು

ಕೊನೆಯ ಮುಟ್ಟಿನ ದಿನದಿಂದ ಎಣಿಸಿ 37 ವಾರಗಳು ತುಂಬುವುದಕ್ಕೆ ಮೊದಲೇ ಜನಿಸಿದ ಶಿಶುವನ್ನು ವೈದ್ಯಶಾಸ್ತ್ರವು ಅವಧಿಪೂರ್ವ ಶಿಶುವೆಂದು ಕರೆಯುತ್ತದೆ. ನಮ್ಮ ಜನರ ಬಾಯಲ್ಲಿ ಅದು ‘ಏಳು ತಿಂಗಳ ಕೂಸು’, ‘ಎಂಟು ತಿಂಗಳ ಕೂಸು’. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯದು ಎಂಬ ನಂಬಿಕೆಯನ್ನು ಹಿರಿಯರು ಇನ್ನೂ ಹೇಳುವುದುಂಟು. ಇದು ನಿಜವಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಶಿಶುವಿನ ಶ್ವಾಸಕೋಶಕ್ಕೆ, ಮಿದುಳಿಗೆ, ಕರುಳಿಗೆ ಬಲವನ್ನು ತುಂಬುತ್ತದೆ. ಎಂಟು ತಿಂಗಳ ಶಿಶುವಿಗೆ ಏಳು ತಿಂಗಳ ಶಿಶುವಿಗಿಂತ ಬದುಕುವ ಅವಕಾಶ ಹೆಚ್ಚು. ಈ ಮಾತನ್ನು ಆರಂಭದಲ್ಲಿಯೇ ಹೇಳುವುದಕ್ಕೆ ಕಾರಣವಿದೆ. ನೆಂಟರು ಕೋಣೆಯ ಬಾಗಿಲಲ್ಲಿ ನಿಂತು ಇಂತಹ ಮಾತುಗಳನ್ನಾಡುವಾಗ ಹೆತ್ತವಳು ಒಳಗೆ ಮಲಗಿ ಕೇಳುತ್ತಿರುತ್ತಾಳೆ. ಆ ಮಾತು ಅವಳ ಮನಸ್ಸಿಗೆ ತಾಗುತ್ತದೆ, ಮನಸ್ಸಿನಿಂದ ಅವಳ ಎದೆಯ ಹಾಲಿಗೂ ತಾಗುತ್ತದೆ. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

2020ರಲ್ಲಿ ಜಗತ್ತಿನಾದ್ಯಂತ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಅವಧಿಗೆ ಮುನ್ನ ಜನಿಸಿದವೆಂದು ಅಂದಾಜು. ಅಂದರೆ ಹತ್ತು ಶಿಶುಗಳಲ್ಲಿ ಒಂದು. ಇವುಗಳಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು, ಸುಮಾರು 30 ಲಕ್ಷ, ನಮ್ಮ ದೇಶದವು. ಆದುದರಿಂದ ಇದು ಯಾವುದೋ ಒಂದು ಮನೆಯ ಅಪರೂಪದ ದುರದೃಷ್ಟವಲ್ಲ. ಬಸುರಿಯ ರಕ್ತದೊತ್ತಡ, ರಕ್ತಹೀನತೆ, ಸೋಂಕು, ಅವಳಿ ಗರ್ಭ, ಎಳೆಯ ವಯಸ್ಸಿನ ಬಸಿರು, ಹೆರಿಗೆಗಳ ನಡುವೆ ಸಾಕಷ್ಟು ಅಂತರವಿಲ್ಲದಿರುವುದು ಇವೆಲ್ಲ ಕಾರಣಗಳಾಗಬಹುದು. ಅನೇಕ ವೇಳೆ ವೈದ್ಯರಿಗೂ ಕಾರಣ ತಿಳಿಯುವುದಿಲ್ಲ. ಗ್ರಹಣದ ದಿನ ಹೊರಗೆ ಬಂದಳು, ಬೇಡವೆಂದರೂ ತವರಿಗೆ ಹೋಗಿ ಬಂದಳು ಎಂದು ಸೊಸೆಯ ಮೇಲೆ ಹೊರಿಸುವ ಆರೋಪಗಳಿಗಂತೂ ಯಾವ ಆಧಾರವೂ ಇಲ್ಲ.

ತಾಯಿ ಒಂದೂರಿನಲ್ಲಿ, ಶಿಶು ಇನ್ನೊಂದೂರಿನಲ್ಲಿ

ಚಾಮರಾಜನಗರವು 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. 2016ರಲ್ಲಿ ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್‌ನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿದರು. ಹಿಂದೆ ತೂಕ ಕಡಿಮೆಯಿರುವ ಕೂಸನ್ನು ಎತ್ತಿಕೊಂಡು ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಓಡುವುದೊಂದೇ ದಾರಿಯೆಂಬಂತಿತ್ತು. ಈಗ ಜಿಲ್ಲಾ ಕೇಂದ್ರದಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ, ತಾಲ್ಲೂಕು ಮಟ್ಟದಲ್ಲಿ ಶಿಶುವನ್ನು ಸ್ಥಿರಗೊಳಿಸಿ ಮುಂದಕ್ಕೆ ಕಳುಹಿಸುವ ವ್ಯವಸ್ಥೆ ಎಂಬ ಕ್ರಮವನ್ನು ರಾಷ್ಟ್ರೀಯ ಆರೋಗ್ಯ ಅಭಿಯಾನವು ರೂಪಿಸಿದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಅನ್ವಯ 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂತಹ ಶಿಶುವಿನ ಚಿಕಿತ್ಸೆ, ಔಷಧಿ, ಸಾಗಣೆಗಳು ಉಚಿತ.

ಇಷ್ಟೆಲ್ಲ ಅನುಕೂಲವಾದರೂ ಒಂದು ತೊಡಕು ಉಳಿದಿದೆ. ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯೊಂದರ ಹೆಣ್ಣುಮಗಳಿಗೆ 32 ವಾರಗಳಿಗೇ ಹೆರಿಗೆಯಾಯಿತೆಂದು ಭಾವಿಸೋಣ. ಶಿಶುವಿನ ತೂಕ ಒಂದೂವರೆ ಕಿಲೋ. ಉಸಿರಾಟ ಸರಿಯಿಲ್ಲವೆಂದು ಶಿಶುವನ್ನು ಆಂಬುಲೆನ್ಸಿನಲ್ಲಿ ಚಾಮರಾಜನಗರಕ್ಕೋ ಮೈಸೂರಿಗೋ ಒಯ್ಯುತ್ತಾರೆ. ಜೊತೆಯಲ್ಲಿ ತಂದೆಯೂ ಅಜ್ಜಿಯೂ ಹೋಗುತ್ತಾರೆ. ಶಸ್ತ್ರಚಿಕಿತ್ಸೆಯ ಹೆರಿಗೆಯಾದುದರಿಂದ ತಾಯಿ ಅಲ್ಲಿಯೇ ಉಳಿಯುತ್ತಾಳೆ. ಅವಳ ಅಕ್ಕಪಕ್ಕದ ಹಾಸಿಗೆಗಳಲ್ಲಿ ಬೇರೆ ತಾಯಂದಿರು ತಮ್ಮ ಮಕ್ಕಳಿಗೆ ಹಾಲೂಡಿಸುತ್ತಿರುತ್ತಾರೆ. ಅವಳ ಮಡಿಲು ಬರಿದಾಗಿರುತ್ತದೆ. ‘ಮಗುವೇ ಇಲ್ಲಿಲ್ಲ, ಹಾಲು ಹಿಂಡಿ ಏನು ಮಾಡುವುದು’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಐದಾರು ದಿನಗಳ ಬಳಿಕ ಅವಳು ಶಿಶುವಿನ ಬಳಿಗೆ ಹೋದಾಗ ಎದೆಯಲ್ಲಿ ಹಾಲು ಕಾಣುವುದಿಲ್ಲ. ‘ಇವಳಿಗೆ ಹಾಲೇ ಇಲ್ಲ’ ಎಂಬ ತೀರ್ಪು ಅಂದೇ ಹೊರಬೀಳುತ್ತದೆ.

ಹಾಲು ಇಲ್ಲದ್ದಲ್ಲ, ಹಾಲನ್ನು ಯಾರೂ ಕೇಳಲಿಲ್ಲ. ಎದೆಹಾಲಿನ ಉತ್ಪತ್ತಿಯ ನಿಯಮ ಸರಳವಾಗಿದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲನ್ನು ತಯಾರಿಸುತ್ತದೆ, ಆಕ್ಸಿಟೋಸಿನ್ ಎಂಬ ಹಾರ್ಮೋನು ತಯಾರಾದ ಹಾಲನ್ನು ಹೊರಗೆ ಹರಿಸುತ್ತದೆ. ಎದೆಯಿಂದ ಹಾಲು ಎಷ್ಟು ಸಲ ಖಾಲಿಯಾಗುತ್ತದೆಯೋ ಅಷ್ಟರಮಟ್ಟಿಗೆ ಹೊಸ ಹಾಲು ಸೇರುತ್ತದೆ. ತುಂಬಿಯೇ ಉಳಿದರೆ ತಯಾರಿಕೆ ನಿಲ್ಲುತ್ತದೆ. ಆಕ್ಸಿಟೋಸಿನ್ನಿನ ಸ್ವಭಾವ ಇನ್ನೂ ಸೂಕ್ಷ್ಮ. ಶಿಶುವನ್ನು ಕಂಡಾಗ, ಅದರ ಅಳು ಕೇಳಿದಾಗ, ಕೆಲವೊಮ್ಮೆ ನೆನೆದ ಮಾತ್ರಕ್ಕೇ ಅದು ಸ್ರವಿಸುತ್ತದೆ. ನೋವು, ಭಯ, ಅವಮಾನ, ನಿದ್ರಾಹೀನತೆಗಳಿದ್ದಾಗ ತಡೆದು ನಿಲ್ಲುತ್ತದೆ. ಆಗ ಎದೆಯಲ್ಲಿ ಹಾಲಿದ್ದರೂ ಅದು ಇಳಿಯುವುದಿಲ್ಲ. ಅತ್ತೆಯೋ ಪತಿಯೋ ಬೇಸರದಿಂದ ಆಡಿದ ಒಂದು ಮಾತು ಆ ಹೊತ್ತಿನ ಹಾಲನ್ನು ತಡೆಯಬಲ್ಲದು ಎಂಬುದು ಅಲಂಕಾರದ ಮಾತಲ್ಲ, ಶರೀರಶಾಸ್ತ್ರದ ಸಂಗತಿ. ಆದರೆ ತಾಯಂದಿರು ಇದನ್ನು ಓದಿ ‘ನನ್ನ ದುಃಖದಿಂದಲೇ ಮಗುವಿಗೆ ಹಾಲಿಲ್ಲದಂತಾಯಿತು’ ಎಂದು ಮತ್ತೊಂದು ಹೊರೆಯನ್ನು ಹೊತ್ತುಕೊಳ್ಳಬಾರದು. ಈ ತಡೆ ತಾತ್ಕಾಲಿಕ. ಶಿಶುವಿನ ಸಾಮೀಪ್ಯ, ನೋವಿಗೆ ಔಷಧಿ, ಒಂದಿಷ್ಟು ನಿದ್ರೆ, ಪದೇ ಪದೇ ಹಾಲು ತೆಗೆಯುವುದು ಇವುಗಳಿಂದ ಹಾಲು ಮರಳುತ್ತದೆ.

ಮೊದಲ ಹನಿಗಳು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಂತೆ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆಯುತ್ತಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ಸುಮಾರು ಅರ್ಧದಷ್ಟು ಮಾತ್ರ. ಹೆರಿಗೆಯು ಆಸ್ಪತ್ರೆಗೆ ಬಂದಿದೆ. ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆಗಳು ಕೈಚೀಲದಲ್ಲಿ ಅಡಗಿ ಜೊತೆಯಲ್ಲಿಯೇ ಬಂದಿವೆ. ಪೂರ್ಣಾವಧಿಯ ಶಿಶುವಿಗೇ ಹಿತವಲ್ಲದ ಇವು ಅವಧಿಪೂರ್ವ ಶಿಶುವಿನ ಎಳೆಯ ಕರುಳಿಗೆ ಅಪಾಯಕಾರಿ.

ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವ ಗಟ್ಟಿಯಾದ ಹಳದಿ ಹಾಲು ಪ್ರಮಾಣದಲ್ಲಿ ಕೆಲವೇ ಚಮಚ. ದನ ಈದಾಗ ಗಿಣ್ಣನ್ನು ಅಕ್ಕರೆಯಿಂದ ಹಂಚಿ ತಿನ್ನುವ ನಮ್ಮ ಮನೆಗಳಲ್ಲಿ, ಹೆತ್ತ ತಾಯಿಯ ಗಿಣ್ಣುಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವುದು ವಿಚಿತ್ರವೇ ಸರಿ. ಸೋಂಕನ್ನು ತಡೆಯುವ ಅಂಶಗಳು ಇದರಲ್ಲಿ ದಟ್ಟವಾಗಿರುತ್ತವೆ. ಅವಧಿಗೆ ಮುನ್ನ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ಕೆಲವು ವಾರ ಪ್ರೋಟೀನು ಹೆಚ್ಚಾಗಿರುತ್ತದೆಂಬುದು ಸೃಷ್ಟಿಯ ವಿಶೇಷ. ಅವಧಿಪೂರ್ವ ಶಿಶುಗಳನ್ನು ಕಾಡುವ ಒಂದು ಭೀಕರ ರೋಗವೆಂದರೆ ಕರುಳಿನ ಗೋಡೆಯೇ ಕೊಳೆಯುವುದು. ಪುಡಿಹಾಲು ಕುಡಿದ ಶಿಶುಗಳಿಗಿಂತ ತಾಯಿಯ ಹಾಲು ಕುಡಿದ ಶಿಶುಗಳಲ್ಲಿ ಇದು ಕಡಿಮೆಯೆಂಬುದು ಸಾಬೀತಾಗಿದೆ. ಆದುದರಿಂದಲೇ ಶಿಶುವೈದ್ಯರು ಈ ಹಾಲನ್ನು ಆಹಾರವೆಂದಷ್ಟೇ ಅಲ್ಲ, ಔಷಧಿಯೆಂದೂ ಪರಿಗಣಿಸುತ್ತಾರೆ. ಶಿಶು ಏನನ್ನೂ ಕುಡಿಯಲಾಗದ ಸ್ಥಿತಿಯಲ್ಲಿದ್ದರೂ ಗಿಣ್ಣುಹಾಲಿನ ಒಂದೆರಡು ಹನಿಗಳನ್ನು ಕೆನ್ನೆಯ ಒಳಭಾಗಕ್ಕೆ ಸವರುವ ಪದ್ಧತಿ ಹಲವು ಘಟಕಗಳಲ್ಲಿದೆ.

ಹಾಗಾದರೆ ಶಿಶು ದೂರದಲ್ಲಿರುವಾಗ ಮಾಡಬೇಕಾದುದೇನು? ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ, ಸಾಧ್ಯವಾದರೆ ಮೊದಲ ಗಂಟೆಯಲ್ಲಿಯೇ, ಕೈಯಿಂದ ಹಾಲು ತೆಗೆಯುವುದನ್ನು ಆರಂಭಿಸಬೇಕು. ಕೈಗಳನ್ನು ಸಾಬೂನಿನಿಂದ ತೊಳೆದು, ಕುದಿಸಿ ಆರಿಸಿದ ಅಗಲ ಬಾಯಿಯ ಬಟ್ಟಲನ್ನು ಇಟ್ಟುಕೊಳ್ಳಬೇಕು. ಹೆಬ್ಬೆರಳನ್ನು ಮೇಲೆ, ತೋರುಬೆರಳನ್ನು ಕೆಳಗೆ, ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಇರಿಸಿ, ಮೊದಲು ಎದೆಗೂಡಿನ ಕಡೆಗೆ ಹಿಂದಕ್ಕೆ ಒತ್ತಿ, ಬಳಿಕ ಎರಡೂ ಬೆರಳುಗಳನ್ನು ಕೂಡಿಸಿ ಅದುಮಿ ಬಿಡಬೇಕು. ಒತ್ತುವುದು, ಅದುಮುವುದು, ಬಿಡುವುದು ಇದೇ ಲಯ. ತೊಟ್ಟನ್ನು ಹಿಡಿದು ಎಳೆಯಬಾರದು. ಅದರಿಂದ ನೋವಾಗುವುದೇ ಹೊರತು ಹಾಲು ಬರದು. ಹೀಗೆ ಬೆರಳುಗಳನ್ನು ಸುತ್ತ ಸರಿಸುತ್ತ ಎರಡೂ ಎದೆಗಳಿಂದ ತೆಗೆಯಬೇಕು. ದಿನಕ್ಕೆ ಎಂಟರಿಂದ ಹತ್ತು ಸಲ, ಅದರಲ್ಲಿ ಒಂದು ಸಲವಾದರೂ ರಾತ್ರಿಯಲ್ಲಿ. ಮೊದಲ ದಿನ ಹನಿಗಳಷ್ಟೇ ಬರುತ್ತವೆ. ಬಟ್ಟಲಿನ ತಳವೂ ಮುಚ್ಚದ ಆ ಹನಿಗಳನ್ನು ಕಂಡು ನಗುವವರಿದ್ದರೆ ಅವರನ್ನು ಆ ಕೋಣೆಯಿಂದ ಹೊರಗಿರಿಸುವುದು ಒಳಿತು.

ತೆಗೆದ ಹಾಲನ್ನು ಮುಚ್ಚಿದ ಶುಚಿಯಾದ ಪಾತ್ರೆಯಲ್ಲಿ ಹೊರಗೆ ನಾಲ್ಕು ಗಂಟೆಗಳವರೆಗೆ, ಫ್ರಿಡ್ಜಿನ ಒಳಭಾಗದಲ್ಲಿ 24 ಗಂಟೆಗಳವರೆಗೆ ಇಡಬಹುದು. ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮಾರ್ಗವಾಗಿ ಚಾಮರಾಜನಗರವು ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಮಂಜುಗಡ್ಡೆಯಿಟ್ಟ ಸಣ್ಣ ಡಬ್ಬಿಯಲ್ಲಿ ಹಾಲನ್ನು ತಲುಪಿಸುವುದು ಆಗದ ಕೆಲಸವಲ್ಲ. ಘಟಕದ ಶುಶ್ರೂಷಕಿಯರನ್ನು ಮೊದಲೇ ಕೇಳಿಕೊಂಡರಾಯಿತು. ಅದಕ್ಕಿಂತ ಉತ್ತಮವಾದುದು, ತಾಯಿಯ ಸ್ಥಿತಿ ಸರಿಯಿದ್ದಲ್ಲಿ ಅವಳನ್ನೂ ಆದಷ್ಟು ಬೇಗ ಶಿಶುವಿರುವ ಆಸ್ಪತ್ರೆಗೇ ವರ್ಗಾಯಿಸುವಂತೆ ವೈದ್ಯರನ್ನು ಕೇಳುವುದು. ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಒಳಲೆ ಮರಳಿ ಬಂದಿದೆ

ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಶಿಶುವಿಗೆ ಸುಮಾರು 32ರಿಂದ 34 ವಾರಗಳ ನಡುವೆ ಬರುತ್ತದೆ. ಅದಕ್ಕೂ ಚಿಕ್ಕ ಶಿಶುವಿಗೆ ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿದ ತೆಳುವಾದ ನಳಿಕೆಯಲ್ಲಿ ತಾಯಿಯ ಹಾಲನ್ನು ಕೊಡುತ್ತಾರೆ. ನಳಿಕೆ ಕಂಡು ಹೆದರುವ ಅಗತ್ಯವಿಲ್ಲ. ಮುಂದಿನ ಹಂತದಲ್ಲಿ ಬಳಸುವ ಸಾಧನವನ್ನು ಕಂಡರೆ ನಮ್ಮ ಅಜ್ಜಿಯರು ನಕ್ಕಾರು. ಅದು ಅವರದೇ ಒಳಲೆ! ಮನೆಯ ಪೆಟ್ಟಿಗೆಯಲ್ಲಿ ಮಲಗಿದ್ದ, ಕೊಕ್ಕಿನಂತಹ ತುದಿಯ ಆ ಪುಟ್ಟ ಬಟ್ಟಲನ್ನು ಇಂದು ನವಜಾತ ಶಿಶು ಘಟಕಗಳಲ್ಲಿ ಪಾಲಡೆ ಎಂಬ ಹೆಸರಿನಿಂದ ನಿತ್ಯವೂ ಬಳಸುತ್ತಾರೆ. ಬಾಟಲಿಯ ರಬ್ಬರ್ ತೊಟ್ಟಿಗಿಂತ ಇದನ್ನು ಶುಚಿಗೊಳಿಸುವುದು ಸುಲಭ. ರಬ್ಬರಿಗೆ ಅಂಟಿಕೊಂಡ ಶಿಶು ಎದೆಯನ್ನು ನಿರಾಕರಿಸುವ ತೊಂದರೆಯೂ ಇಲ್ಲ. ಆದರೆ ಬಳಸುವ ರೀತಿ ಬದಲಾಗಿದೆ. ಹಿಂದೆ ಮಗುವನ್ನು ಕಾಲಮೇಲೆ ಮಲಗಿಸಿ ಮೂಗು ಹಿಡಿದು ಸುರಿಯುತ್ತಿದ್ದುದುಂಟು. ಅದು ಸಲ್ಲದು, ಹಾಲು ಶ್ವಾಸಕೋಶಕ್ಕೆ ಹೋದೀತು. ಶಿಶುವನ್ನು ಎಚ್ಚರವಾಗಿರುವಾಗ ತಲೆ ಎತ್ತಿ ಕೂರಿಸಿದಂತೆ ಹಿಡಿದು, ತುಟಿಯ ಅಂಚಿಗೆ ಒಳಲೆಯನ್ನು ತಾಗಿಸಿ, ಅದು ನುಂಗಿದಷ್ಟೇ ಬಗ್ಗಿಸುತ್ತ ಹೋಗಬೇಕು. ಪ್ರತಿ ಸಲವೂ ಒಳಲೆಯನ್ನು ಕುದಿಸಬೇಕು. ಬಜೆ ತೇಯ್ದು ನೆಕ್ಕಿಸುವುದನ್ನು ಮಾತ್ರ ಅಜ್ಜಿಯರು ದಯವಿಟ್ಟು ಕೈಬಿಡಬೇಕು.

ಇದರ ಜೊತೆಯಲ್ಲಿಯೇ, ಹಾಲು ತೆಗೆದು ಮುಗಿದ ಎದೆಗೆ ಶಿಶುವನ್ನು ಹಚ್ಚಿ ನೆಕ್ಕಲು ಬಿಡುತ್ತ ಅಭ್ಯಾಸ ಮಾಡಿಸುತ್ತಾರೆ. ಆರಂಭದಲ್ಲಿ ಎರಡು ಸಲ ಚೀಪಿ ನಿದ್ರೆಹೋಗುತ್ತದೆ. ಅದು ಸೋಮಾರಿತನವಲ್ಲ, ತಾಯಿಯ ಹಾಲಿನ ದೋಷವೂ ಅಲ್ಲ. ಶಕ್ತಿ ಅಷ್ಟೇ ಇರುತ್ತದೆ. ಬಹಳ ಕಡಿಮೆ ತೂಕದ ಶಿಶುಗಳಿಗೆ ತಾಯಿಯ ಹಾಲಿಗೇ ಪೋಷಕಾಂಶದ ಪುಡಿಯನ್ನು ಸೇರಿಸುವಂತೆ, ಕಬ್ಬಿಣ ಮತ್ತು ವಿಟಮಿನ್ ಡಿ ಹನಿಗಳನ್ನು ಕೊಡುವಂತೆ ವೈದ್ಯರು ಹೇಳಬಹುದು. ಎಷ್ಟು ಪ್ರಯತ್ನಿಸಿದರೂ ಕೆಲವು ತಾಯಂದಿರಿಗೆ ಹಾಲು ಸಾಲದೆ ಹೋಗುವುದುಂಟು. ಅಂತಹವರಿಗಾಗಿ ದಾನಿಗಳ ಹಾಲನ್ನು ಪರೀಕ್ಷಿಸಿ, ಕಾಯಿಸಿ ಕಾಪಿಡುವ ಎದೆಹಾಲಿನ ಬ್ಯಾಂಕುಗಳಿವೆ. ಭಾರತದಲ್ಲಿ ಮೊದಲನೆಯದು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಎಂಬ ಬ್ಯಾಂಕು ತೆರೆಯಿತು. ಅದೂ ದೊರೆಯದಿದ್ದಾಗ ವೈದ್ಯರ ಸಲಹೆಯಂತೆ ಪುಡಿಹಾಲನ್ನು ಕೊಡಬೇಕಾಗಬಹುದು. ಕೊಟ್ಟ ತಾಯಿ ತಪ್ಪಿತಸ್ಥಳಲ್ಲ.

ಎದೆಯೇ ತೊಟ್ಟಿಲು

1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದ ಬಡವರ ಹೆರಿಗೆ ಆಸ್ಪತ್ರೆಯೊಂದರಲ್ಲಿ ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದಾದವು. ಒಂದೇ ಯಂತ್ರದಲ್ಲಿ ಎರಡು ಮೂರು ಶಿಶುಗಳನ್ನಿಟ್ಟಾಗ ಸೋಂಕು ಹರಡುತ್ತಿತ್ತು. ಎಡ್ಗರ್ ರೇ ಎಂಬ ವೈದ್ಯರು ತಾಯಂದಿರ ಬರಿಯೆದೆಯ ಮೇಲೆಯೇ ಶಿಶುಗಳನ್ನು ಕಟ್ಟಿ ಬೆಚ್ಚಗಿಡುವ ಕ್ರಮವನ್ನು ಆರಂಭಿಸಿದರು. ಹೆಕ್ಟರ್ ಮಾರ್ಟಿನೆಸ್ ಅವರು ಅದನ್ನು ಮುಂದುವರಿಸಿದರು. ಮರಿಯನ್ನು ಚೀಲದಲ್ಲಿ ಹೊರುವ ಕಾಂಗರೂವಿನ ಹೆಸರು ಅದಕ್ಕೆ ಬಂದಿತು. ಬಡತನದ ಒತ್ತಡದಿಂದ ಹುಟ್ಟಿದ ಈ ಉಪಾಯ ಯಂತ್ರಕ್ಕಿಂತ ಮೇಲೆಂದು ಬಳಿಕ ತಿಳಿಯಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, 1.8 ಕಿಲೋಗಿಂತ ಕಡಿಮೆ ತೂಕದ 3,211 ಶಿಶುಗಳ ಮೇಲೆ ನಡೆದ ಅಧ್ಯಯನವು 2021ರಲ್ಲಿ ಪ್ರಕಟವಾಯಿತು. ಸ್ಥಿತಿ ಸುಧಾರಿಸುವವರೆಗೂ ಕಾಯದೆ ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಚ್ಚಿದ ಶಿಶುಗಳಲ್ಲಿ 28 ದಿನಗಳೊಳಗಿನ ಮರಣ ಶೇ. 12, ರೂಢಿಯ ಆರೈಕೆಯಲ್ಲಿದ್ದವುಗಳಲ್ಲಿ ಶೇ. 15.7. ಇದರ ಬಳಿಕ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅವಧಿಪೂರ್ವ ಶಿಶುಗಳಿಗೆ ಜನನದ ಕೂಡಲೇ ಈ ಆರೈಕೆಯನ್ನು ಆರಂಭಿಸಿ, ದಿನಕ್ಕೆ 8ರಿಂದ 24 ಗಂಟೆಗಳ ಕಾಲ ಕೊಡಬೇಕೆಂದು ಸೂಚಿಸಿತು. ನಮ್ಮ ರಾಜ್ಯದಲ್ಲಿ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಜಿಲ್ಲೆಯಾದ್ಯಂತ ರೂಢಿಗೆ ತರುವ ಪ್ರಯತ್ನ ನಡೆದಿದೆ.

ಕ್ರಮ ಕಠಿಣವಲ್ಲ. ಶಿಶುವಿಗೆ ಟೋಪಿ, ಕಾಲುಚೀಲ, ಲಂಗೋಟಿಗಳನ್ನಷ್ಟೇ ತೊಡಿಸಿ, ತಾಯಿಯ ಎರಡು ಎದೆಗಳ ನಡುವೆ ಕಪ್ಪೆಯಂತೆ ಕೈಕಾಲು ಮಡಿಸಿ ನೇರವಾಗಿ ಇರಿಸಬೇಕು. ತಲೆ ಒಂದು ಪಕ್ಕಕ್ಕೆ ತಿರುಗಿರಬೇಕು, ಮೂಗು ತೆರೆದಿರಬೇಕು, ಕತ್ತು ಮಡಚಿರಬಾರದು. ಮೇಲಿನಿಂದ ಮೆತ್ತನೆಯ ಹತ್ತಿಯ ಪಂಚೆಯನ್ನೋ ಸೀರೆಯ ತುಂಡನ್ನೋ ಬಿಗಿಯಾಗಿ ಸುತ್ತಬೇಕು. ಒಂದು ಸಲಕ್ಕೆ ಒಂದು ಗಂಟೆಗಿಂತ ಕಡಿಮೆಯಾಗಬಾರದು. ತಾಯಿ ದಣಿದಾಗ ತಂದೆ, ಅಜ್ಜಿ, ಚಿಕ್ಕಮ್ಮ ಯಾರಾದರೂ ಕೊಡಬಹುದು. ಗಂಡಸರು ಅಂಗಿ ಬಿಚ್ಚಿ ಕೂಸನ್ನು ಎದೆಗೆ ಕಟ್ಟಿಕೊಳ್ಳಲು ನಾಚುತ್ತಾರೆ. ಒಂದು ದಿನ ಕುಳಿತ ಮೇಲೆ ಏಳುವುದಿಲ್ಲವೆಂಬುದು ನಾವು ಕಂಡ ಮಾತು. ಇದರಿಂದ ಶಿಶು ಬೆಚ್ಚಗಿರುತ್ತದೆ, ಉಸಿರು ಹದವಾಗುತ್ತದೆ, ತೂಕ ಏರುತ್ತದೆ. ತಾಯಿಯ ಹಾಲು ಹೆಚ್ಚುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ತಂತಿಗಳ ನಡುವೆ ಕಂಡ ಕೂಸು ‘ನನ್ನದು’ ಎಂಬ ಭಾವವೂ ಅವಳಲ್ಲಿ ಮೂಡುತ್ತದೆ.

ಬಾಣಂತಿಯ ಮನಸ್ಸು

ಹೆರಿಗೆಯಾದ ಮೂರರಿಂದ ಐದನೆಯ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ಸಿಡುಕು ಹೆಚ್ಚುತ್ತದೆ, ಮನಸ್ಸು ಏರಿಳಿಯುತ್ತದೆ. ಹಾರ್ಮೋನುಗಳ ಹಠಾತ್ ಇಳಿತದಿಂದಾಗುವ ಇದು ಎರಡು ವಾರಗಳೊಳಗೆ ತಾನಾಗಿಯೇ ಶಮನವಾಗುತ್ತದೆ. ಎರಡು ವಾರ ಮೀರಿಯೂ ಮಂಕು ಕವಿದಿದ್ದರೆ, ಹಿಂದೆ ಪ್ರಿಯವಾಗಿದ್ದ ಯಾವುದೂ ರುಚಿಸದಿದ್ದರೆ, ಶಿಶು ಮಲಗಿದರೂ ನಿದ್ರೆ ಬಾರದಿದ್ದರೆ, ‘ನಾನು ತಾಯಿಯಾಗಲು ಅನರ್ಹಳು’ ಎಂಬ ಭಾವ ಬಿಡದಿದ್ದರೆ ಅದು ಹೆರಿಗೆಯ ನಂತರದ ಖಿನ್ನತೆ. ಇದು ರೋಗ. ಮನೋದೌರ್ಬಲ್ಯವಲ್ಲ, ಗಾಳಿಸೋಕಲ್ಲ, ಅಹಂಕಾರವಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ನೂರು ತಾಯಂದಿರಲ್ಲಿ 22 ಮಂದಿ ಇದಕ್ಕೆ ಒಳಗಾಗುತ್ತಾರೆ. ಶಿಶು ಅವಧಿಗೆ ಮುನ್ನ ಜನಿಸಿ ಆಸ್ಪತ್ರೆಯಲ್ಲಿ ಉಳಿದಾಗ ಈ ಸಂಭವ ಇನ್ನೂ ಹೆಚ್ಚು.

ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಶೇ. 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡುಬಂದಿತ್ತು. ಬಡತನ, ಪತಿಯ ಹಿಂಸೆ, ಗಂಡು ಮಗುವಿನ ನಿರೀಕ್ಷೆಯಲ್ಲಿದ್ದಾಗ ಹೆಣ್ಣು ಹುಟ್ಟಿದುದು ಇವು ಆ ಖಿನ್ನತೆಯೊಂದಿಗೆ ಹೆಣೆದುಕೊಂಡಿದ್ದವು. ‘ಇಷ್ಟು ಖರ್ಚು ಮಾಡಿ ಉಳಿಸಿಕೊಂಡದ್ದು ಹೆಣ್ಣುಕೂಸನ್ನೇ’ ಎಂಬ ಮಾತನ್ನು ಆಸ್ಪತ್ರೆಯ ಮೊಗಸಾಲೆಯಲ್ಲಿ ಕೇಳಿದವರಿಗೆ ಈ ಅಧ್ಯಯನದ ಫಲಿತಾಂಶವು ಆಶ್ಚರ್ಯ ತರಿಸದು.

ನಮ್ಮ ಬಾಣಂತನದ ಪದ್ಧತಿಯಲ್ಲಿ ಒಳಿತೂ ಇದೆ. ತವರಿನ ಆರೈಕೆ, ಎಣ್ಣೆನೀರು, ಹೊತ್ತುಹೊತ್ತಿಗೆ ಊಟ, ಮನೆಗೆಲಸದಿಂದ ಬಿಡುವು ಇವು ತಾಯಿಗೆ ಬೇಕಾದುವೇ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿಗಳನ್ನು ಧಾರಾಳವಾಗಿ ತಿನ್ನಲಿ. ಆದರೆ ಅವುಗಳಿಂದಲೇ ಹಾಲು ಬರುತ್ತದೆಂದು ತಿಳಿದು, ಹಾಲು ತೆಗೆಯುವುದನ್ನು ಮರೆಯಬಾರದು. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಯಾರಿದ ಬಾಣಂತಿಗೆ ನೀರು ನಿರಾಕರಿಸುವುದು, ಸೊಪ್ಪು ತರಕಾರಿ ಕೊಡದೆ ಅನ್ನ ಸಾರಿನಲ್ಲಿ ತಿಂಗಳು ಕಳೆಯಿಸುವುದು, ಕಿಟಕಿ ಮುಚ್ಚಿ ಸಾಂಬ್ರಾಣಿ ಹೊಗೆ ತುಂಬಿಸುವುದು ಇವನ್ನು ಬಿಡಬೇಕು. ಆ ಹೊಗೆ ಅವಧಿಪೂರ್ವ ಶಿಶುವಿನ ಶ್ವಾಸಕೋಶಕ್ಕೆ ಹಾನಿಕರ. ಕತ್ತಲ ಕೋಣೆಯ ಏಕಾಂತವು ಮಂಕು ಕವಿದ ಮನಸ್ಸನ್ನು ಮತ್ತಷ್ಟು ಕುಗ್ಗಿಸುತ್ತದೆ.

ಇಲ್ಲಿ ಭಕ್ತರಿಗೆ ಒಂದು ಸಂಗತಿಯನ್ನು ನೆನಪಿಸಬೇಕಾಗಿದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ನಮ್ಮ ಶರಣರು ಒಪ್ಪಲಿಲ್ಲ. ಹೆತ್ತವಳನ್ನು ಮುಟ್ಟಬಾರದು, ಅವಳು ಒಳಗೆ ಬರಬಾರದು ಎಂಬುದಕ್ಕೆ ನಮ್ಮ ಆಚಾರದಲ್ಲಿ ಸ್ಥಾನವಿಲ್ಲ. ಆದರೂ ನೆರೆಹೊರೆಯ ರೂಢಿಯಿಂದಲೋ ಏನೋ, ನಮ್ಮ ಮನೆಗಳಲ್ಲಿಯೂ ಹನ್ನೊಂದು ದಿನ, ತಿಂಗಳು ಎಂದು ಬಾಣಂತಿಯನ್ನು ಮೂಲೆಯಲ್ಲಿ ಕೂರಿಸುವುದನ್ನು ಕಾಣುತ್ತೇವೆ. ಶಿಶುವಿಗೆ ಸೋಂಕು ತಗಲದಂತೆ ಬಂದುಹೋಗುವವರನ್ನು ಕಡಿಮೆ ಮಾಡುವುದು ಬೇರೆ. ತಾಯಿಯನ್ನು ಮನೆಯವರ ಮಾತುಕತೆಯಿಂದ ದೂರವಿಡುವುದು ಬೇರೆ. ಹಾಗೆಯೇ ಶಿಶುವಿಗೆ ಲಿಂಗಧಾರಣೆ ಮಾಡಿಸಬೇಕೆಂಬ ಕಾರಣಕ್ಕೆ ಘಟಕದಿಂದ ಅವಸರದಲ್ಲಿ ಬಿಡಿಸಿಕೊಂಡು ಬರುವುದಾಗಲಿ, ಉಸಿರಾಟದ ನಳಿಕೆಯಿರುವ ಕೂಸಿನ ಕೊರಳಿಗೆ ದಾರ ಕಟ್ಟಲು ಒತ್ತಾಯಿಸುವುದಾಗಲಿ ಬೇಡ. ಮನೆಗೆ ಬಂದು ತೂಕ ಏರಿದ ಮೇಲೆ ಗುರುಗಳನ್ನು ಕೇಳಿ ನೆರವೇರಿಸಬಹುದು.

ಖಿನ್ನತೆಗೆ ಚಿಕಿತ್ಸೆಯಿದೆ. ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆ, ನಿದ್ರೆ, ಮನೆಯವರ ನೆರವು ಸಾಕಾಗಬಹುದು. ರಾತ್ರಿಯ ಒಂದು ಊಡಿಕೆಯನ್ನು, ತೆಗೆದಿಟ್ಟ ಹಾಲಿನಿಂದ, ಪತಿಯೋ ಅಜ್ಜಿಯೋ ವಹಿಸಿಕೊಂಡು ತಾಯಿಗೆ ನಾಲ್ಕೈದು ಗಂಟೆಗಳ ಅಖಂಡ ನಿದ್ರೆ ದೊರಕಿಸಿದರೆ ಅದೇ ದೊಡ್ಡ ಮದ್ದು. ತೀವ್ರವಾಗಿದ್ದರೆ ಔಷಧಿ ಬೇಕು. ಔಷಧಿ ತೆಗೆದುಕೊಂಡರೆ ಎದೆಹಾಲು ನಿಲ್ಲಿಸಬೇಕೆಂಬ ಭಯದಿಂದ ಅನೇಕರು ವೈದ್ಯರ ಬಳಿಗೇ ಹೋಗುವುದಿಲ್ಲ. ಸರ್ಟ್ರಲೀನ್‌ನಂತಹ ಕೆಲವು ಔಷಧಿಗಳು ಹಾಲಿಗೆ ಬಹಳ ಅಲ್ಪ ಪ್ರಮಾಣದಲ್ಲಿ ಮಾತ್ರ ಸೇರುತ್ತವೆ. ಹಾಲೂಡಿಸುತ್ತಲೇ ಅವನ್ನು ಸೇವಿಸಬಹುದು. ಶಿಶು ಅವಧಿಪೂರ್ವದ್ದೆಂಬುದನ್ನು ಮಾತ್ರ ವೈದ್ಯರಿಗೆ ತಿಳಿಸಬೇಕು. ಔಷಧಿಯನ್ನು ತಾವಾಗಿಯೇ ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಕೂಡದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಿಂದ ತಾಯಿ ಮತ್ತು ಶಿಶುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವಿದೆ. ತಾಯಿಯನ್ನು ಗುಣಪಡಿಸಲು ಮಗುವಿನಿಂದ ಬೇರ್ಪಡಿಸಬೇಕಿಲ್ಲ ಎಂಬ ತಿಳಿವಳಿಕೆಯ ಮೇಲೆ ಅದು ನಿಂತಿದೆ.

ಸಾವಿರದಲ್ಲಿ ಒಬ್ಬಿಬ್ಬರಿಗೆ ಬರುವ ಇನ್ನೊಂದು ಸ್ಥಿತಿಯಿದೆ. ಮೊದಲ ಎರಡು ವಾರಗಳಲ್ಲಿ ತಾಯಿಗೆ ನಿದ್ರೆಯೇ ಇಲ್ಲವಾಗಿ, ಇಲ್ಲದ ಧ್ವನಿಗಳು ಕೇಳಿ, ಮಗು ತನ್ನದಲ್ಲವೆನ್ನುವುದು, ಅಸಂಬದ್ಧ ಮಾತು, ತನಗಾಗಲಿ ಶಿಶುವಿಗಾಗಲಿ ಹಾನಿ ಮಾಡುವ ಯೋಚನೆ ಕಾಣಿಸಿಕೊಂಡರೆ ಅದು ತುರ್ತುಸ್ಥಿತಿ. ಅವಳನ್ನು ಒಬ್ಬಳೇ ಬಿಡಬಾರದು. ಮಂತ್ರ ಹಾಕಿಸುವುದರಲ್ಲಿ ದಿನ ಕಳೆಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಗೆ ಬಂದ ಮೇಲೆ

ಆಸ್ಪತ್ರೆಯಿಂದ ಬಿಡುಗಡೆಯಾದ ಶಿಶು ಹಸಿದಾಗ ಅಳುತ್ತದೆಂದು ಕಾಯಬಾರದು. ಎರಡರಿಂದ ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲೂಡಿಸಬೇಕು. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿದರೆ ಹಾಲು ಸಾಲುತ್ತಿದೆಯೆಂದು ತಿಳಿಯಬಹುದು. ಅಂಗೈ ಅಂಗಾಲುಗಳು ಬೆಚ್ಚಗಿರಬೇಕು; ತಣ್ಣಗಿದ್ದರೆ ಕೂಡಲೇ ಎದೆಗೆ ಕಟ್ಟಿಕೊಳ್ಳಬೇಕು. ವೈದ್ಯರು ಹೇಳುವ ತೂಕ ಬರುವವರೆಗೆ ಎರೆಯುವುದು ಬೇಡ, ಒರೆಸಿದರೆ ಸಾಕು. ಹಾಲು ಕುಡಿಯದಿರುವುದು, ಉಸಿರಾಟದಲ್ಲಿ ಎದೆ ಒಳಗೆ ಸೆಳೆಯುವುದು, ಮೈ ತಣ್ಣಗಾಗುವುದು ಅಥವಾ ಜ್ವರ, ಹೊಟ್ಟೆಯುಬ್ಬರ, ಮಲದಲ್ಲಿ ರಕ್ತ, ಅಂಗಾಲಿನವರೆಗೆ ಹಳದಿ, ಸೆಳೆತ ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆಮಾಡಬೇಕು.

ಜನರು ಸಾಮಾನ್ಯವಾಗಿ ಮರೆಯುವ ಒಂದು ಪರೀಕ್ಷೆಯಿದೆ. 34 ವಾರಗಳಿಗೆ ಮೊದಲು ಜನಿಸಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಶಿಶುವಿನ ಕಣ್ಣಿನ ಹಿಂಪರದೆಯನ್ನು ಒಂದು ತಿಂಗಳು ತುಂಬುವುದರೊಳಗೆ ಪರೀಕ್ಷಿಸಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು, ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಕರ್ನಾಟಕದ ಹಳ್ಳಿಗಾಡಿನ ಶಿಶುಗಳಿಗಾಗಿ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ದೂರಪರೀಕ್ಷೆಯ ಯೋಜನೆಯು ಈ ವಿಷಯದಲ್ಲಿ ದೇಶಕ್ಕೇ ಮಾದರಿಯಾಯಿತು. ಬಿಡುಗಡೆಯ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕವಿದೆಯೇ ಎಂದು ನೋಡಿಯೇ ಆಸ್ಪತ್ರೆಯಿಂದ ಹೊರಡಬೇಕು.

ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಗೆ ಬರುತ್ತಾರೆ. ಶಿಶುವನ್ನು ತೂಗಿ, ಉಸಿರು ಎಣಿಸಿ, ಮೈಶಾಖ ನೋಡುತ್ತಾರೆ. ಅದೇ ಹೊತ್ತಿನಲ್ಲಿ ಮನೆಯ ಹಿರಿಯರು ತಾಯಿಯನ್ನೂ ಒಂದೆರಡು ಮಾತು ಕೇಳಲಿ: ಕಳೆದ ಎರಡು ವಾರಗಳಲ್ಲಿ ಮನಸ್ಸು ಬಹಳ ಕುಗ್ಗಿತ್ತೇ, ಯಾವುದರಲ್ಲಿಯೂ ಆಸಕ್ತಿ ಸಂತೋಷಗಳಿಲ್ಲವೆನಿಸಿತೇ? ಒಂದಕ್ಕೆ ಹೌದೆಂದರೂ ವೈದ್ಯರನ್ನು ಕಾಣಬೇಕು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ದೊರೆಯುವಂತೆ ರಾಜ್ಯ ಸರ್ಕಾರವು ಮನೋಚೈತನ್ಯ ಎಂಬ ಕಾರ್ಯಕ್ರಮವನ್ನು ರೂಪಿಸಿದೆ. ಹೋಗುವುದಕ್ಕೆ ಆಗದಿದ್ದರೆ, ಅಥವಾ ಮನೆಯವರ ಮುಂದೆ ಹೇಳಿಕೊಳ್ಳಲು ಕಷ್ಟವಾದರೆ, 14416 ಎಂಬ ಟೆಲಿ ಮನಸ್ ಸಂಖ್ಯೆಗೆ ತಾಯಿಯೇ ಕರೆ ಮಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಸೇವೆ ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.